ಮಲ್ಕಮ್ಮನ ಮೊದಲ ಹಿಡಿ

ನಮ್ಮ ನಿಂಬರ್ಗಾಕ್ಕೆ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು. ಬೀಜ ಬಿತ್ತುವ ಕಟ್ಟಿಗೆಯ ಕೂರಿಗೆ ಅಟ್ಟ ಸೇರಿ ಕಬ್ಬಿಣದ ಕೂರಿಗೆ ಬಂತು. ಮೊದಲ ಹಿಡಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನ, ಬೀಜದ ಪೆಟ್ಟಿಗೆಗೆ ಮೊದಲ ಹಿಡಿ ತೊಗರಿ ಯಾರು ಹಾಕಬೇಕು ಅನ್ನುವುದು ಇವತ್ತಿಗೂ ನಮ್ಮಲ್ಲಿ ದೊಡ್ಡ ಮಾತು. ಕೈಗುಣ ಇದ್ದವರೇ ಹಾಕಬೇಕು. ನಮ್ಮ ಮನೆತನಕ್ಕೆ ಮೂವತ್ತೈದು ವರ್ಷ ಆ ಕೈ ಮಲ್ಕಮ್ಮನದಾಗಿತ್ತು.

ಆಕೆಯ ಬಗ್ಗೆ ಹೇಳುವ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ನನ್ನ ತಪ್ಪೂ ಇದೆ. ನಾನು ಜಯಮಾಲಾ. ಜೇವರ್ಗಿ ತಾಲೂಕಿನ ಕೊಳಕೂರಿನ ಮಗಳು, ನಿಂಬರ್ಗಾದ ಮಾಳಿಂಗಪ್ಪನವರ ಸೊಸೆ. ಕೆಲವು ವರ್ಷಗಳಿಂದ ಊರಿನ ಕೃಷಿ ಸಖಿ. ಅಂದರೆ ತರಬೇತಿಗೆ ಹೋಗಿ ಕಲಿತು ಬಂದದ್ದನ್ನು ಊರವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು. ಸ್ವಲ್ಪ ಅಂತ ನಾನು ಹೇಳುತ್ತೇನೆ, ನನ್ನ ಗಂಡ ಗುರುಪಾದನನ್ನು ಕೇಳಿದರೆ ಬೇರೆ ಹೇಳಬಹುದು.

ಮಲ್ಕಮ್ಮ ಅಫಜಲಪುರದ ಕಡೆಯವಳು. ಭೀಮಾ ದಂಡೆಯ ಹಳ್ಳಿಯಿಂದ ಧರ್ಮಣ್ಣನನ್ನು ಮದುವೆಯಾಗಿ ಬಂದಾಗ ಹದಿನೇಳೋ ಹದಿನೆಂಟೋ ವರ್ಷ. ಈಗ ಅರವತ್ತರ ಹತ್ತಿರ. ಗಿಡ್ಡ ಆಳು, ಗಟ್ಟಿ ಮೈ, ಬೀದಿಯ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳಬೇಕು. ಗಂಡನಿಗೆ ಎರಡು ಎಕರೆ ಹೊಲವಿದ್ದರೂ ಹೊಟ್ಟೆ ತುಂಬುತ್ತಿದ್ದದ್ದು ಕೂಲಿಯಿಂದಲೇ. ಕಳೆ ತೆಗೆಯುವುದು, ತೊಗರಿ ಕೊಯ್ಯುವುದು, ರಾಶಿ ಮಾಡುವುದು. ಆದರೆ ಬಿತ್ತನೆಯ ಮುಂಜಾನೆ ಆಕೆ ಕೂಲಿಯವಳಲ್ಲ. ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಉಡಿಯಲ್ಲಿ ಬೀಜ ಕಟ್ಟಿಕೊಂಡು ಹೊಲದ ತಲೆಗೆ ಬಂದು ನಿಲ್ಲುತ್ತಿದ್ದಳು. ಆಕೆ ಹಿಡಿ ಹಾಕುವವರೆಗೆ ಟ್ರ್ಯಾಕ್ಟರ್ ಕೂಡ ಕಾಯಬೇಕು. ಆಮೇಲೆ ಒಂದು ತೆಂಗಿನಕಾಯಿ, ರವಿಕೆಗೆ ಒಂದು ಕುಬಸದ ಕಣ. ಅಷ್ಟೇ.

ಆಕೆಯ ಮಗ ಅಜಯಕುಮಾರ ಆಳಂದದಲ್ಲಿ ಶಾಲಾ ಮಾಸ್ತರ. ಅವನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. "ಯವ್ವಾ, ಮನ್ಯಾಗ ಬುದ್ಧನ ಫೋಟೋ ಹಾಕೀವಿ. ಅವರ ಹೊಲಕ್ಕ ಹೋಗಿ ಈ ಮೂಢನಂಬಿಕಿ ಯಾಕ ಮಾಡ್ತಿ?" ಅಂತ ಬೈಯುತ್ತಿದ್ದ.

"ಮೂಢರ ಇರ್ಲಿ, ಶಾಣ್ಯಾರ ಇರ್ಲಿ," ಅನ್ನುತ್ತಿದ್ದಳು ಮಲ್ಕಮ್ಮ. "ವರ್ಷಪೂರ್ತಿ ಏ ಮಲ್ಕಿ, ಬಾರಬೇ ಅಂತಾರ. ಆವತ್ತೊಂದ ದಿನ ಮಲ್ಕಮ್ಮ ಬರ್ಲಿ ಅಂತ ಕಾಯ್ತಾರ. ಅದನ್ನ ನಾ ಬಿಡಾಂಗಿಲ್ಲ ನೋಡು."

ಅದು ಬಿಟ್ಟುಹೋಗುವ ಕಾಲ ಬಂತು. ಒಂದು ವರ್ಷ ನಮ್ಮ ಹೊಲದ ತೊಗರಿ ಹೂ ಬಿಡುವ ಹೊತ್ತಿಗೆ ನಡುವೆ ಅಲ್ಲಲ್ಲಿ ಹಳದಿ ಕಾಣಿಸಿತು. ಎಲೆ ಜೋತುಬಿದ್ದವು, ವಾರದಲ್ಲಿ ಗಿಡ ನಿಂತಲ್ಲೇ ಒಣಗಿತು. ಕಿತ್ತು ನೋಡಿದರೆ ಬೇರು ಕರ್ರಗೆ, ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಆ ವರ್ಷ ನಮ್ಮ ಮಾವ ದೇವರನ್ನು ಬೈದರು. ಮರುವರ್ಷವೂ ಹಾಗೇ ಆಯಿತು, ಇನ್ನೂ ಹೆಚ್ಚಾಯಿತು. ಆಗ ದೇವರನ್ನು ಬಿಟ್ಟು, ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಂದುಬಿಟ್ಟರು: "ಮಲ್ಕಿ ಕೈ ಮೊದಲಿನಂಗ ಉಳದಿಲ್ಲಪಾ."

ಮಾತು ಅಂದರೆ ಮಾತು, ಸಂಜೆಯೊಳಗೆ ಆಕೆಯ ಬಾಗಿಲು ಮುಟ್ಟಿತು. ಮುಂದಿನ ಮಿರಗಕ್ಕೆ ನಮ್ಮ ಅತ್ತೆ ಗುರಮ್ಮ ಅಂದೋಲಾದಿಂದ ತಮ್ಮ ತಂಗಿಯ ಮಗಳನ್ನು ಕರೆಸಿದರು, ಮೊದಲ ಹಿಡಿ ಹಾಕಲು. ಮಲ್ಕಮ್ಮನಿಗೆ ಯಾರೂ ಹೇಳಿರಲಿಲ್ಲ. ಎಂದಿನಂತೆ ಮಿಂದು, ಹಸಿರು ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳಂತೆ. ನಮ್ಮ ಟ್ರ್ಯಾಕ್ಟರ್ ಆಕೆಯ ಮುಂದೆಯೇ ಹಾದುಹೋಯಿತು. ಮೇಲೆ ಅಂದೋಲಾದ ಹುಡುಗಿ ಕೂತಿದ್ದಳು. ಇದನ್ನು ಕೇಳಿ ನನಗೆ ಮೈ ಉರಿದುಹೋಯಿತು. ಆದರೆ ಉರಿದದ್ದು ನನ್ನ ಮೈ ಮಾತ್ರ. ಅತ್ತೆಯ ಮುಂದೆ ತುಟಿ ಬಿಚ್ಚಲಿಲ್ಲ.

ಆ ಮಧ್ಯಾಹ್ನವೇ ಆಕೆಯ ಮನೆಗೆ ಹೋದೆ. ತರಬೇತಿಯಲ್ಲಿ ಬೇರು ಕೊಳೆ ರೋಗದ ಬಗ್ಗೆ ಆಗಷ್ಟೇ ಕಲಿತು ಬಂದಿದ್ದೆ. ಚೀಲದಲ್ಲಿ ಸುಡೋಮೊನಾಸ್ ಪುಡಿಯ ಒಂದು ಪಾಕೀಟು ಇತ್ತು. ಅದನ್ನು ಹಾಕಿ ನೋಡಲು ಅರ್ಧ ಎಕರೆ ಕೊಡಿ ಅಂತ ಊರೆಲ್ಲ ಕೇಳಿದ್ದೆ, ನಮ್ಮ ಮಾವ ಸೇರಿ ಒಬ್ಬರೂ ಕೊಟ್ಟಿರಲಿಲ್ಲ.

"ಮಲ್ಕಮ್ಮಕ್ಕ, ನಿನ್ನ ಕೈ ಏನೂ ಕೆಟ್ಟಿಲ್ಲ," ಅಂದೆ. "ಕೈಗುಣ ಅನ್ನೋದೇ ಇಲ್ಲ. ಇದು ಮಣ್ಣಾಗಿನ ಬೂಸ್ಟು. ತಂಗಳ ರೊಟ್ಟಿಗೆ ಹಿಡೀತದಲ್ಲ, ಅಂಥಾದ್ದ ಒಂದು. ಬೇರಿಗೆ ಹತ್ತಿ ಕೊಳಸಾಕತ್ತದ."

ಸಮಾಧಾನ ಹೇಳಿದೆ ಅಂದುಕೊಂಡಿದ್ದೆ. ಆಕೆಯ ಮುಖ ಇನ್ನಷ್ಟು ಇಳಿಯಿತು. ಕೇಳಿದಳು: "ಕೈಗುಣ ಇಲ್ಲಂದ್ರ, ಮೂವತ್ತೈದ ವರ್ಷ ಚಂದ ಬೆಳೀತಲ್ಲ, ಅದೂ ನನ್ನ ಕೈಯಿಂದ ಅಲ್ಲ ಅನ್ನಾಕತ್ತೀ ಏನ ಯವ್ವಾ?"

ಇದಕ್ಕೆ ಉತ್ತರ ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ. ಒಂದು ಮಾತಿನಲ್ಲಿ ಆಕೆಯ ಮೇಲಿನ ಅಪವಾದ ತೆಗೆದಿದ್ದೆ, ಅದೇ ಮಾತಿನಲ್ಲಿ ಆಕೆಯ ಇಜ್ಜತ್ತನ್ನೂ ಕಿತ್ತುಕೊಂಡಿದ್ದೆ. ತಡವರಿಸುತ್ತಾ ಪುಡಿಯ ಕತೆಗೆ ಇಳಿದೆ. ಇದರೊಳಗೆ ಕಣ್ಣಿಗೆ ಕಾಣದ ಜೀವಗಳಿವೆ, ಒಳ್ಳೆಯವು. ಬೀಜಕ್ಕೆ ಹಚ್ಚಿದರೆ ಬೇರು ಬಿಟ್ಟಂತೆ ಬೇರಿನ ಸುತ್ತ ತಾವೇ ಮನೆ ಮಾಡುತ್ತವೆ, ಬೂಸ್ಟು ಬಂದರೆ ಅದಕ್ಕೆ ಜಾಗವೂ ಇಲ್ಲ, ತಿನ್ನಲೂ ಇಲ್ಲ ಅಂತ ಹೇಳಿದೆ.

"ಅಂದ್ರ ಆಳಂದ ಬಸ್ಸಿನ್ಯಾಗ ಕಿಡಕಿಯಿಂದ ಟಾವೆಲ್ ಒಗದು ಸೀಟ್ ಹಿಡಿದಂಗ," ಅಂದಳು ಮಲ್ಕಮ್ಮ.

ನಾನು ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರಿಗೂ ಹೇಳಿಕೊಟ್ಟಿಲ್ಲ. "ಹೌದು, ಬರೋಬರಿ ಹಂಗ!" ಅಂದೆ.

"ಅರ್ಧ ಎಕರೆ ತಗೋ," ಅಂದಳು. "ಆದ್ರ ಮೊದಲ ಹಿಡಿ ನಾನೇ ಹಾಕ್ತೇನಿ. ನನ್ನ ಹೊಲದಾಗ ಬೆಳೆ ಎದ್ದ ನಿಂತ್ರ, ನನ್ನ ಕೈ ಕೆಟ್ಟದ ಅಂದವರ ಬಾಯಿಗೆ ಕೀಲಿ ಬೀಳ್ತದ."

ಬೆಲ್ಲದ ನೀರು ಕುದಿಸಿ ಆರಿಸಿ ಬೀಜಕ್ಕೆ ಚಿಮುಕಿಸಬೇಕು, ಕಿಲೋ ಬೀಜಕ್ಕೆ ಹತ್ತು ಗ್ರಾಂ ಪುಡಿ ಹಚ್ಚಬೇಕು, ನೆರಳಲ್ಲಿ ಅರ್ಧ ಗಂಟೆ ಆರಿಸಿ ಬಿತ್ತಬೇಕು. ಎಲ್ಲ ಹೇಳಿದೆ. ಮರುದಿನ ನನಗೆ ಆಳಂದದಲ್ಲಿ ಮೀಟಿಂಗ್ ಇತ್ತು. ಪಾಕೀಟು ಆಕೆಯ ಕೈಗೆ ಕೊಟ್ಟು ಹೊರಟುಬಿಟ್ಟೆ.

ದೀಪಾವಳಿ ಕಳೆದು ನೋಡಿದರೆ ಆ ಅರ್ಧ ಎಕರೆಯೂ ಒಣಗುತ್ತಿತ್ತು. ಉಳಿದ ಹೊಲಕ್ಕೂ ಅದಕ್ಕೂ ಏನೇನೂ ಫರಕ್ಕಿಲ್ಲ. ನಮ್ಮ ಮಾವನ ಹೊಲವೂ ಒಣಗಿತ್ತು, ಅಂದೋಲಾದ ಹುಡುಗಿ ಹಿಡಿ ಹಾಕಿದ ಹೊಲ! ಇನ್ನಾದರೂ ಮಲ್ಕಮ್ಮನನ್ನು ಬಿಟ್ಟಾರು ಅಂದುಕೊಂಡರೆ, ಊರು ಹೊಸ ಮಾತು ಹುಟ್ಟಿಸಿತು. ಕರೆಯಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಮಲ್ಕಿ ನಮ್ಮ ಹೊಲಕ್ಕೆ ಕಣ್ಣು ಹಾಕಿದಳಂತೆ. ಹಾಳಾದ ಬಾಯಿಗಳು! ಹಾಗಿದ್ದರೆ ತನ್ನ ಹೊಲಕ್ಕೆ ತಾನೇ ಕಣ್ಣು ಹಾಕಿಕೊಂಡಳೇ? ಅದನ್ನು ಕೇಳುವವರಿಲ್ಲ. ಕಳೆ ತೆಗೆಯಲು ಕೂಡ ಆಕೆಯನ್ನು ಕರೆಯುವುದನ್ನು ಇಬ್ಬರು ಮೂವರು ನಿಲ್ಲಿಸಿದರು. ಆ ಜೋರು ನಗು ಬೀದಿಯಲ್ಲಿ ಕೇಳಿಸದಾಯಿತು.

ನಾನು ಪಾಕೀಟಿನ ತಾರೀಖು ನೋಡಿದೆ, ಸರಿಯಿತ್ತು. ಬೆಲ್ಲದ ನೀರು ಬಿಸಿ ಇತ್ತೇ ಕೇಳಿದೆ, ಆರಿಸಿದ್ದಳು. ಕೊನೆಗೆ ಕೇಳಿದೆ: "ನೆರಳಾಗ ಆರಸಿದ್ದಿ, ಹೌದಿಲ್ಲೋ?"

"ತಗಡಿನ ಮ್ಯಾಲ ಹಾಕಿದ್ದೆ," ಅಂದಳು ಮಲ್ಕಮ್ಮ, ಅದೇನು ದೊಡ್ಡ ಮಾತೆಂಬಂತೆ. "ಎರಡ ತಾಸು. ಹಸಿ ಬೀಜ ಹಂಗ ಬಿತ್ತಾಕ ಬರ್ತದೇನು? ಬಿಸಲ ತೋರಸಬೇಕಲ್ಲ."

ನಮ್ಮ ಕಡೆ ಬಿಸಿಲು ತೋರಿಸದೆ ಯಾವುದನ್ನೂ ಬಿಡುವುದಿಲ್ಲ. ತೊಗರಿ, ಜೋಳ, ಮೆಣಸಿನಕಾಯಿ, ಶ್ಯಾವಿಗೆ, ಹೊದೆಯುವ ಕೌದಿ ಎಲ್ಲವನ್ನೂ ಮಾಳಿಗೆಗೆ ಹಾಕುವ ಜನ ನಾವು. ಬಿತ್ತುವ ಬೀಜಕ್ಕಂತೂ ಬಿಸಿಲು ಕಾಣಿಸಲೇಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಅಂತ ಅಜ್ಜಿಯರ ಕಾಲದಿಂದ ರೂಢಿ. ಆಕೆ ಅದನ್ನೇ ಮಾಡಿದ್ದಳು. ಜೂನ್ ತಿಂಗಳ ಕಾದ ತಗಡಿನ ಮೇಲೆ ಎರಡು ತಾಸಿನಲ್ಲಿ ಆ ಪುಡಿಯೊಳಗಿನ ಜೀವ ಒಂದೂ ಉಳಿದಿರಲಾರದು.

ನನಗೆ ಸಿಟ್ಟು ನೆತ್ತಿಗೇರಿತು. "ನೆರಳಾಗ ಅಂತ ಎಷ್ಟ ಸಲ ಹೇಳಿದ್ದೆ! ಕಿವಿ ಎಲ್ಲಿಟ್ಟಿದ್ದಿ? ಎಲ್ಲಾ ಸುಟ್ಟ ಸತ್ತು ಹೋಗ್ಯಾವ. ಸತ್ತದ್ದನ್ನ ಬಿತ್ತಿ ಬಂದೀದಿ!" ಅಂತ ಬಾಯಿಗೆ ಬಂದಂತೆ ಕೂಗಾಡಿದೆ.

ಆಕೆ ನನ್ನ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಅಂದಳು: "ನೆರಳು ಎಲ್ಲದ ಯವ್ವಾ? ನೀನ ತೋರಸು."

ನಾನು ಸುತ್ತ ನೋಡಿದೆ. ಒಂದೇ ಕೋಣೆ, ಮೇಲೆ ತಗಡು. ಜೂನ್‌ನಲ್ಲಿ ಹೊರಗಿಗಿಂತ ಒಳಗೇ ಹೆಚ್ಚು ಕಾಯುವ ಮನೆ ಅದು. ನೆಲದ ಮೇಲೆ ಮಲಗುವ ಹೊರಸು, ಟ್ರಂಕು, ಒಲೆ ಹೋಗಿ ಉಳಿದದ್ದು ಇಬ್ಬರು ಕೂಡುವಷ್ಟು ಜಾಗ. ಬಾಗಿಲ ಮುಂದೆ ಸಿಮೆಂಟಿನ ರಸ್ತೆ. ಮರ ಇಲ್ಲ. ನೆರಳಲ್ಲಿ ಆರಿಸು ಅಂತ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಯಾವ ನೆರಳು? ನಮ್ಮ ಮನೆಯ ಪಡಸಾಲೆ. ಮೊಳದಷ್ಟು ದಪ್ಪ ಗೋಡೆ, ಪರಸಿ ಕಲ್ಲು ಹಾಸಿದ ನೆಲ, ಮೇ ತಿಂಗಳಲ್ಲೂ ತಣ್ಣಗೆ. ಆಕೆ ಬೀಜ ತಗಡಿಗೆ ಹಾಕಿದ ದಿನವೂ ಅದು ಖಾಲಿ ಬಿದ್ದಿತ್ತು. ಇಲ್ಲಿ ತಂದು ಹಾಕು ಅಂತ ನಾನು ಅನ್ನಲಿಲ್ಲ. ಅನ್ನಬಹುದೆಂದು ಹೊಳೆಯಲೂ ಇಲ್ಲ. ನಾಚಿಕೆಯಿಂದ ನನಗೆ ಆ ಬಾಗಿಲಲ್ಲಿ ನಿಲ್ಲಲಾಗಲಿಲ್ಲ.

ಮರುವರ್ಷ ಹೊಳೆದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತೆಯನ್ನು ಕೇಳುವ ಧೈರ್ಯ ಆಗಲಿಲ್ಲ. ಮಲ್ಕಮ್ಮನೂ ಕೇಳಲಿಲ್ಲ. ತಾನೇ ಉಪಾಯ ಮಾಡಿದಳು. ಬೇಸಿಗೆಯಲ್ಲೇ ಧರ್ಮಣ್ಣನಿಂದ ಒಂದು ಬಂಡಿ ತಿಪ್ಪೆಗೊಬ್ಬರ ಹೊಲಕ್ಕೆ ಹಾಕಿಸಿ, ಅದಕ್ಕೆ ಪುಡಿ ಕಲಸಿ, ಮೇಲೆ ತೊಗರಿ ಕಟ್ಟಿಗೆಯ ಚಪ್ಪರ ಹಾಕಿ, ಹಸಿ ಗೋಣಿಚೀಲ ಹೊದಿಸಿದಳು. ಹದಿನೈದು ದಿನ ತಲೆಯ ಮೇಲೆ ಕೊಡ ಹೊತ್ತು ನೀರು ಚಿಮುಕಿಸಿದಳು. "ಇವಕ್ಕೂ ನೀರಡಿಕಿ ಆಗ್ತದಲ್ಲ" ಅನ್ನುತ್ತಿದ್ದಳು. ಆಮೇಲೆ ಆ ಗೊಬ್ಬರವನ್ನು ಅರ್ಧ ಎಕರೆಗೆ ಹರಡಿದಳು. ಬಿತ್ತುವ ಹಿಂದಿನ ಸಂಜೆ ಹೊರಸನ್ನು ಹೊರಗೆ ಹಾಕಿ, ಅದರ ಮೇಲೆ ಕೌದಿ ಇಳಿಬಿಟ್ಟು, ಕೆಳಗೆ ಮೂರು ಕಿಲೋ ಬೀಜ ಹರವಿದಳು. ಹೊತ್ತು ಮುಳುಗುವವರೆಗೆ ಅದರ ಪಕ್ಕದಲ್ಲಿ ಕೂತು, ಬಿಸಿಲು ತಿರುಗಿದಂತೆ ಕೌದಿ ಎಳೆದಳು. ನಾನೂ ಕೂತಿದ್ದೆ. ಈ ಸಲ ಯಾವ ಮೀಟಿಂಗಿಗೂ ಹೋಗಲಿಲ್ಲ.

ಆ ವರ್ಷ ಆಕೆಗೆ ನಿದ್ದೆ ಇರಲಿಲ್ಲ. ಇದೂ ಹೋದರೆ ಊರಲ್ಲಿ ತನ್ನ ಕೈ ಯಾರೂ ಮುಟ್ಟುವುದಿಲ್ಲ ಅಂತ ಆಕೆಗೆ ಗೊತ್ತಿತ್ತು. ದಿನಾ ಹೊಲಕ್ಕೆ ಹೋಗಿ ಸಾಲು ಸಾಲು ನೋಡಿ ಬರುತ್ತಿದ್ದಳು. ಒಂದು ಎಲೆ ಹಳದಿ ಕಂಡರೂ ಓಡಿ ಬಂದು ನನ್ನನ್ನು ಕರೆಯುತ್ತಿದ್ದಳು. ಹೂವಾಯಿತು, ಕಾಯಿ ಕಟ್ಟಿತು. ನಾವಿಬ್ಬರೂ ಸಾಲು ಹಿಡಿದು ಎಣಿಸಿದೆವು. ಪುಡಿ ಹಾಕಿದ ಕಡೆ ನೂರು ಗಿಡಕ್ಕೆ ಎಂಟು ಒಣಗಿದ್ದವು. ಹಾಕದ ಕಡೆ, ಅದೇ ಹೊಲದಲ್ಲಿ, ಮೂವತ್ತಾರು. ಜಾದು ಏನೂ ಅಲ್ಲ, ಆ ಎಂಟು ಸತ್ತಿದ್ದವಲ್ಲ. ತೊಗರಿಯ ಮೇಲೆ ತೊಗರಿ ಹಾಕುವುದನ್ನು ಬಿಟ್ಟು ಒಂದು ವರ್ಷ ಜೋಳ ಹಾಕಿದರೆ ಇನ್ನೂ ಒಳ್ಳೆಯದು ಅಂತಲೂ ಹೇಳಿದೆ. ಮಲ್ಕಮ್ಮ ಕೇಳಿಸಿಕೊಳ್ಳಲಿಲ್ಲ. ಹೊಲದ ನಡುವೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತಳು. ನಾನೂ ಅತ್ತೆ.

ಹಸಿರು ಪಟ್ಟಿ ದಾರಿಯಿಂದಲೇ ಕಾಣುತ್ತಿತ್ತು. ನೋಡಲು ಜನ ಬಂದರು. ನಮ್ಮ ಮಾವನೂ ಎರಡು ಸಲ ಆ ದಾರಿಯಲ್ಲಿ ನಿಧಾನಕ್ಕೆ ನಡೆದರು, ನಿಲ್ಲಲಿಲ್ಲ. ಅವರ ಹನ್ನೆರಡು ಎಕರೆಯಲ್ಲಿ ಆ ವರ್ಷವೂ ಅರ್ಧಕ್ಕರ್ಧ ಒಣಗಿತ್ತು.

ಈ ವರ್ಷ ಮಿರಗಕ್ಕೆ ವಾರವಿದ್ದಾಗ ಅವರು ನನ್ನನ್ನು ಕರೆದುಕೊಂಡು ಮಲ್ಕಮ್ಮನ ಬಾಗಿಲಿಗೆ ಹೋದರು. ಒಳಗೆ ಹೋಗಲಿಲ್ಲ, ರಸ್ತೆಯ ಮೇಲೆ ನಿಂತೇ ಕೆಮ್ಮಿದರು.

"ಮಲ್ಕಮ್ಮ, ಈ ಸಲ ಮೊದಲ ಹಿಡಿ ನೀನೇ ಹಾಕಬೇಕು. ನಿನ್ನ ಕೈ ಮತ್ತ ಕೂಡಿ ಬಂದದ."

ಮಲ್ಕಮ್ಮ ಎದ್ದು ನಿಂತಳು. ಆಕೆಯ ಮುಖ ಅರಳುತ್ತದೆ ಅಂತ ನಾನು ಕಾದಿದ್ದೆ. ಇದಕ್ಕೇ ಅಲ್ಲವೇ ಎರಡು ವರ್ಷ ಒದ್ದಾಡಿದ್ದು?

"ಬೀಜ ಎಷ್ಟದ ಸಾವ್ಕಾರ್ರೀ?" ಅಂತ ಕೇಳಿದಳು.

"ಅರವತ್ತ ಕಿಲೋ."

"ಅಷ್ಟಕ್ಕೂ ಪುಡಿ ಹಚ್ಚಬೇಕು. ನನ್ನ ಹೊರಸಿನ ಕೆಳಗ ಹಿಡ್ಯಾಂಗಿಲ್ಲ. ನೆರಳ ಬೇಕು, ತಣ್ಣನ್ನ ಜಾಗ ಬೇಕು." ಅವರ ಮುಖವನ್ನೇ ನೋಡಿ ಅಂದಳು: "ನಿಮ್ಮ ಪಡಸಾಲಿ ಬೇಕು."

ಮಾವ ನನ್ನ ಮುಖ ನೋಡಿದರು. ಮೂವತ್ತೈದು ವರ್ಷ ನಮಗೆ ಆಕೆಯ ಕೈ ಮುಟ್ಟಿದ ಬೀಜ ಬೇಕಾಗಿತ್ತು, ಆಕೆಯ ಕಾಲು ಹೊಸ್ತಿಲಿಗೆ ಬೇಡವಾಗಿತ್ತು. ಊರ ಮಾತಲ್ಲ ಇದು, ನಮ್ಮ ಮನೆಯ ಮಾತು. ಈ ಸಲ ನಾನು ಬಾಯಿ ಬಿಟ್ಟೆ: "ಹೌದ್ರಿ ಮಾವಾರ, ಪಡಸಾಲಿನ ಬೇಕು. ನೀವ ಅತ್ತಿಯವರಿಗೆ ಹೇಳ್ರಿ, ಇಲ್ಲಂದ್ರ ನಾನ ಹೇಳ್ತೇನಿ."

ಅವರು ಹೇಳಲಿಲ್ಲ, ನಾನೇ ಹೇಳಿದೆ. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಮಧ್ಯಾಹ್ನ ಗುಡುಗು ಸಹಿತ ಒಳ್ಳೆಯ ಮಳೆ ಬಿತ್ತು. ಇನ್ನು ಕಾದರೆ ಹದ ಹೋಗುತ್ತದೆ. ಅತ್ತೆ ಎದ್ದು, ಯಾರಿಗೂ ಏನೂ ಹೇಳದೆ ಪಡಸಾಲೆ ಗುಡಿಸಿದರು. ಹೊಲ ಆರಿ ನಾಳೆ ಬಿತ್ತಬಹುದು ಅಂತಾದ ದಿನ ಸಂಜೆ ನಾನು ಹೋಗಿ ಮಲ್ಕಮ್ಮನನ್ನು ಕರೆತಂದೆ. ಹೊಸ್ತಿಲ ಹತ್ತಿರ ಆಕೆಯ ಹೆಜ್ಜೆ ಒಂದು ಕ್ಷಣ ತಡೆಯಿತು.

"ಬಾರಬೇ, ಹೊತ್ತ ಮುಳುಗಾಕತ್ತದ," ಅಂದರು ಅತ್ತೆ ಒಳಗಿನಿಂದ, ಆಕೆಯ ಮುಖ ನೋಡದೆ. ಮಲ್ಕಮ್ಮ ಒಳಗೆ ಬಂದು ಪರಸಿಯ ಮೇಲೆ ಕೂತಳು.

ಗೋಣಿಚೀಲ ಹಾಸಿ ಬೀಜ ಸುರಿದೆವು. ಆಕೆ ಬೆಲ್ಲದ ನೀರಿಗೆ ಬೆರಳು ಅದ್ದಿ ನೋಡಿ, ಇನ್ನೂ ಆರಬೇಕು ಅಂದಳು. ಮಾವ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. "ನಾಳೆ ಆರಕ್ಕ ಟ್ರ್ಯಾಕ್ಟರ್ ಬರ್ತದ. ತಯಾರಾಗಿರು ಮಲ್ಕಮ್ಮ, ಮೊದಲ ಹಿಡಿಗೆ. ಕಾಯಿ, ಕಣ ಎಲ್ಲಾ ತಂದಿಟ್ಟೀನಿ," ಅಂದರು.

ಮಲ್ಕಮ್ಮ ತಲೆಯೆತ್ತಿದಳು. "ಬ್ಯಾಡ್ರಿ ಸಾವ್ಕಾರ್ರೀ. ಹಿಡಿ ನೀವ ಹಾಕ್ರಿ."

"ಯಾಕ? ನಿನ್ನ ಕೈ ಈಗ—"

"ನನ್ನ ಕೈ ಆವಾಗೂ ಕೆಟ್ಟಿರಲಿಲ್ಲ. ಬೆಳದ ವರ್ಷ ಕಣ ಕೊಟ್ರಿ, ಒಣಗಿದ ವರ್ಷ ಮಲ್ಕಿ ಕೈ ಅಂದ್ರಿ, ಮಲ್ಕಿ ಕಣ್ಣು ಅಂದ್ರಿ. ಮೂರ ವರ್ಷ ಅದನ್ನ ಹೊತ್ತೇನಿ, ಇನ್ನ ಹೊರಾಂಗಿಲ್ಲ. ಹೊಲ ನಿಮ್ದು. ಬೆಳದ್ರೂ ನಿಮ್ಮ ಕೈ, ಹೋದ್ರೂ ನಿಮ್ಮ ಕೈ. ಬೀಜ ಹೆಂಗ ನೋಡ್ಕೋಬೇಕು ಅಂತ ಕೇಳ್ರಿ, ಎಷ್ಟ ಸಲ ಬೇಕಾದ್ರೂ ಬಂದು ಹೇಳ್ತೇನಿ."

ಆಕೆ ಅಷ್ಟು ಆಸೆಪಟ್ಟದ್ದನ್ನು ಆಕೆಯೇ ಬೇಡ ಅಂದಿದ್ದಳು. ನನಗೆ ಹೆಮ್ಮೆ ಅನಿಸಿತು. ಮಾವ ಏನು ಮಾಡುತ್ತಾರೋ ಅಂತ ಭಯವೂ ಆಯಿತು. ಅವರು ಧೋತರ ಮೇಲೆತ್ತಿ ಕಟ್ಟಿ, ಮಲ್ಕಮ್ಮನ ಎದುರಿಗೆ ಕೂತು, ಎರಡೂ ಕೈ ಬೀಜದಲ್ಲಿ ಇಟ್ಟು ತಿಕ್ಕತೊಡಗಿದರು.

"ಅಷ್ಟ ಜೋರ ಬ್ಯಾಡ್ರಿ, ಸಿಪ್ಪಿ ಸುಲೀತದ," ಅಂದಳು ಮಲ್ಕಮ್ಮ. "ಮೆಲ್ಲಕ."

ಮಾವ ಮೆಲ್ಲಗೆ ತಿಕ್ಕಿದರು.